ಜಗಳಕ್ಕೆ ಒಂದೇ ಕೈ ಸಾಕು

ದೆಹಲಿಯ ಲಕ್ಷ್ಮೀ ನಗರದಲ್ಲಿ ಸ್ಕೂಟರಿಗೆ ಸ್ಕೂಟರ್ ತಾಗಿ ಜಗಳವಾದರೆ, ಸುತ್ತ ನಿಂತವರು ಕೊಡುವ ತೀರ್ಪು ಒಂದೇ: 'ಛೋಡೋ ಭಾಯಿ, ತಪ್ಪು ಇಬ್ಬರದೂ.' ನಮ್ಮೂರಲ್ಲೂ ಅಷ್ಟೇ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಅಂತ ಎದ್ದುಬಿಡ್ತೀವಿ. ಈ ನ್ಯಾಯ ಆಟದ ಮೈದಾನಕ್ಕೂ ಬಂದಿದೆ ಅನ್ನೋದೇ ನನ್ನ ತಕರಾರು.

ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ಐಸ್ ಹಾಕಿಯನ್ನೇ ನೋಡಿ. ಅಲ್ಲಿ ಚೆಂಡಿನ ಬದಲು ಪಕ್ ಎಂಬ ಬಿಲ್ಲೆ. ಅದು ಯಾರ ಬಳಿ ಇದೆಯೋ ಅವನಿಗೆ ಭುಜ ಕೊಟ್ಟು ಡಿಕ್ಕಿ ಹೊಡೆಯುವುದು ನಿಯಮದೊಳಗಿನ ಮಾತು. ಆದರೂ ಡಿಕ್ಕಿ ತಿಂದವನ ಜೊತೆಗಾರ ಕೈಗವಸು ಬಿಸಾಡಿ ಮೇಲೆ ಬೀಳುತ್ತಾನೆ. ಇಬ್ಬರೂ ಗುದ್ದಾಡಿದರೆ ತಲಾ 5 ನಿಮಿಷ ಹೊರಗೆ. ಶುರು ಮಾಡಿದವನಿಗೆ ಹೆಚ್ಚುವರಿಯಾಗಿ 2 ನಿಮಿಷ, ಜೊತೆಗೆ 10 ನಿಮಿಷ. ಕೇಳೋಕೆ ಭಾರಿ ಶಿಕ್ಷೆ. ಆದರೆ ತಂಡಕ್ಕೆ ಒಬ್ಬ ಆಟಗಾರ ಕಡಿಮೆಯಾಗುವುದು ಆ 2 ನಿಮಿಷ ಮಾತ್ರ. 5ಕ್ಕೆ 5 ವಜಾ, 10 ನಿಮಿಷಕ್ಕೆ ಬದಲಿ ಆಟಗಾರ ಸಿಗುತ್ತಾನೆ. 1992ರಲ್ಲಿ ಶುರು ಮಾಡಿದವನನ್ನು ಪಂದ್ಯದಿಂದಲೇ ಹೊರಗಟ್ಟುತ್ತಿದ್ದರು. 1996ರಲ್ಲಿ ಅದನ್ನೇ 10 ನಿಮಿಷಕ್ಕೆ ಇಳಿಸಿದರು. ಇನ್ನು ಇಬ್ಬರೂ ಒಪ್ಪಿಯೇ ಗುದ್ದಾಡಿದರು ಅಂತ ರೆಫರಿಗೆ ಕಂಡರೆ ಆ 2 ನಿಮಿಷವೂ ಇಲ್ಲ. ನ್ಯಾಯವಾಗಿ ಆಡಿದವನೂ ಸಮಸಮ 5 ನಿಮಿಷ ಕೂರಬೇಕು.

ನಮ್ಮ ಹಾಕಿಯಲ್ಲಿ ಕಾರ್ಡುಗಳಿವೆ. ಹಸಿರಿಗೆ 2 ನಿಮಿಷ, ಹಳದಿಗೆ ಕನಿಷ್ಠ 5, ಕೆಂಪಿಗೆ ಉಳಿದ ಆಟವೆಲ್ಲ ಹೊರಗೆ, ಬದಲಿ ಇಲ್ಲ. ಆದರೂ 2019ರ ನವೆಂಬರ್ 25ರಂದು ಇದೇ ದೆಹಲಿಯ ಶಿವಾಜಿ ಸ್ಟೇಡಿಯಮ್ಮಿನಲ್ಲಿ, ನೆಹರೂ ಕಪ್ ಫೈನಲ್ 3-3 ಇದ್ದಾಗ, ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ಆಟಗಾರರು ಕೈಗಳನ್ನೂ ಸ್ಟಿಕ್ಕುಗಳನ್ನೂ ಬೀಸಿದರು. ಬ್ಯಾಂಕು 6-3ರಲ್ಲಿ ಗೆದ್ದಿತು. ಹಾಕಿ ಇಂಡಿಯಾ ಆಮೇಲೆ 11 ಆಟಗಾರರನ್ನು 6ರಿಂದ 18 ತಿಂಗಳವರೆಗೆ ಅಮಾನತು ಮಾಡಿತು. ಯಾರದೆಷ್ಟು ತಪ್ಪು ಅಂತ ಅಳೆದರಲ್ಲ, ಅದು ಸರಿ. ಆದರೆ ಅಳತೆ ಮೈದಾನದಲ್ಲೇ, ಆ ಗಳಿಗೆಯಲ್ಲೇ ಆಗಬೇಕು. ಆಮೇಲಿನ ಅಮಾನತು ಎಷ್ಟೇ ದೊಡ್ಡದಿರಲಿ, ಕೆಟ್ಟ ಆಟ ಸರಿಹೋಗಲ್ಲ.

ಬ್ಯಾಂಕಿನಲ್ಲಿ ಒಂದು ಕೌಂಟರಿನಲ್ಲಿ ಹಣ ಕಡಿಮೆ ಬಂದರೆ, ಪಕ್ಕದವನ ಸಂಬಳದಲ್ಲೂ ಅರ್ಧ ಹಿಡೀತೀವಾ? ವೋಚರ್ ತೆಗೆದು ನೋಡ್ತೀವಿ. ಕೊಡಗಿನಲ್ಲಿ 1997ರಿಂದ ಮನೆತನಗಳ ನಡುವೆ ಹಾಕಿ ನಡೆಯುತ್ತಿದೆ. ಅಣ್ಣನ ಸ್ಟಿಕ್ಕಿನಿಂದ ಯಾರೋ ನ್ಯಾಯವಾಗಿ ಚೆಂಡು ಕಿತ್ತರೂ ತಮ್ಮನ ರಕ್ತ ಕುದಿಯಬಹುದು. ಕುದಿಯಲಿ. ಕೈ ಎತ್ತಿದರೆ ಮಾತ್ರ ಅವನೊಬ್ಬನೇ ಹೊರಗೆ ಹೋಗಬೇಕು. ಇಬ್ಬರನ್ನೂ ಕಳಿಸಿದರೆ, ನ್ಯಾಯವಾಗಿ ಚೆಂಡು ಕಿತ್ತ ಹುಡುಗ ಮುಂದಿನ ಸಲ ಚೆಂಡಿನ ಹತ್ತಿರವೇ ಹೋಗಲ್ಲ.