ದನಿಯ ದಾರಿಯಲ್ಲಿ ಕೇಡು: ಜನ್ನನ ‘ಯಶೋಧರ ಚರಿತೆ’ಯಲ್ಲಿ ಕಾಮದ ನಿರೂಪಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನೊಳಗೊಂಡ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲು ಜೈನ ಒಕ್ಕಲುತನ ಬೇರೂರಿದ ನೆಲ. ಉತ್ತು ಬಿತ್ತುವಾಗ ಅನಿವಾರ್ಯವಾಗಿ ಒದಗುವ ಆರಂಭಿ ಹಿಂಸೆ ಬೇರೆ, ಮನಸ್ಸಿಟ್ಟು ಮಾಡುವ ಸಂಕಲ್ಪಿ ಹಿಂಸೆ ಬೇರೆ ಎಂಬ ಶ್ರಾವಕಧರ್ಮದ ವಿವೇಕವು ಇಂತಹ ಬದುಕಿಗೆ ಆಧಾರವಾಗಿದೆ. ಈ ವಿವೇಕವನ್ನೇ ಕೇಂದ್ರವಾಗಿಸಿಕೊಂಡ ಕಥೆ ಯಶೋಧರನದು. ಅದರ ಪ್ರಾಚೀನತೆಯನ್ನು ತಿಳಿಯಲು ಈ ನೆಲದ ವಿದ್ವಾಂಸರೊಬ್ಬರ ಕಾರ್ಯವೇ ನೆರವಾಗುತ್ತದೆ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆ ಅವರು ಸಂಪಾದಿಸಿದ, ಉದ್ದ್ಯೋತನಸೂರಿಯ ಪ್ರಾಕೃತ ‘ಕುವಲಯಮಾಲಾ’ದಲ್ಲಿ (ಕ್ರಿ.ಶ. 779) ಪ್ರಭಂಜನನ ಯಶೋಧರ ಚರಿತೆಯ ಉಲ್ಲೇಖವಿದೆ. ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿ ಜನ್ನನು 1209ರಲ್ಲಿ ಈ ಕಥೆಯನ್ನು ಬಹುಮಟ್ಟಿಗೆ ಕಂದಪದ್ಯಗಳಲ್ಲಿ ಕನ್ನಡಕ್ಕೆ ತಂದನು.

ಈ ಕಾವ್ಯವನ್ನು ಅಮೃತಮತಿಯ ಪತನದ ಕಥೆಯೆಂದು ಓದುವುದು ರೂಢಿ. ಆದರೆ ಜನ್ನನು ಬಳಸುವ ಕಾವ್ಯಸಾಧನಗಳನ್ನು, ವಿಶೇಷವಾಗಿ ದನಿಯ ಪ್ರತಿಮೆಯನ್ನು, ಗಮನಿಸಿದರೆ ಕೇಡಿನ ವ್ಯಾಪ್ತಿ ಬೇರೆಯಾಗಿಯೇ ಕಾಣುತ್ತದೆ.

ಅಮೃತಮತಿಯ ಕಾಮವು ಕಿವಿಯ ಮೂಲಕ ಪ್ರವೇಶಿಸುತ್ತದೆ. ಗಜಶಾಲೆಯ ಕಡೆಯಿಂದ ಬಂದ ಗಾನಕ್ಕೆ ಆಕೆ ಸೋಲುವುದು ಹಾಡಿದವನನ್ನು ಕಾಣುವ ಮೊದಲೇ. ಹುಡುಕಿ ಬಂದ ದೂತಿಯು ಅಷ್ಟಾವಂಕನ ಅಂಗಾಂಗಗಳ ವಿಕಾರವನ್ನು ಒಂದೊಂದಾಗಿ ಬಣ್ಣಿಸುತ್ತಾಳೆ. ನಾಯಕನ ಸೌಂದರ್ಯವರ್ಣನೆಗೆ ಮೀಸಲಾದ ಅಂಗವರ್ಣನೆಯ ಸಂಪ್ರದಾಯವನ್ನು ಕವಿ ಇಲ್ಲಿ ತಲೆಕೆಳಗು ಮಾಡಿದ್ದಾನೆ. ಕಣ್ಣಿನ ಸಾಕ್ಷ್ಯವು ಕಿವಿಯ ಮೋಹವನ್ನು ಅಳಿಸಲಾರದು. ಮಾವಟಿಗನ ಹೊಡೆತವನ್ನು ಸಹಿಸುವ ರಾಣಿಯು ಮರುದಿನ ಅರಸನ ನೆಯ್ದಿಲ ಹೂವಿನ ಏಟಿಗೆ ಮೂರ್ಛೆ ಹೋದಂತೆ ಬೀಳುವಲ್ಲಿ ವ್ಯಂಗ್ಯವು ತನ್ನ ಕೊನೆಯನ್ನು ಮುಟ್ಟುತ್ತದೆ.

ಎರಡನೆಯ ದನಿ ಹಿಟ್ಟಿನ ಕೋಳಿಯದು. ತಾನು ಕಂಡ ದ್ರೋಹವನ್ನು ಯಶೋಧರನು ತಾಯಿಗೆ ಕನಸೆಂದು ಮರೆಮಾಚಿ ಹೇಳುತ್ತಾನೆ. ಆಕೆ ಬಲಿಯೇ ಶಾಂತಿಯೆನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯಲ್ಲಿ ರಾಜಿಯಾಗುತ್ತದೆ. ಕತ್ತಿ ತಗುಲಿದಾಗ ಆ ಕೋಳಿ ಕೂಗುತ್ತದೆ. ಜೀವವಿಲ್ಲದ್ದಕ್ಕೆ ದನಿ ಬಂದ ಈ ಕ್ಷಣದಲ್ಲಿಯೇ ಕೊಲ್ಲುವ ಸಂಕಲ್ಪವು ಕೊಲೆಯಾಗಿ ಸಾಬೀತಾಗುತ್ತದೆ. ರಾಣಿಯ ಕಾಮಕ್ಕೆ ಗಾನವು ನೆಪವಾದಂತೆ ಅರಸನ ಹಿಂಸೆಗೆ ಹಿಟ್ಟು ನೆಪವಾಗಿದೆ. ಎರಡೂ ಕಡೆ ನೆಪ ಅತ್ಯಲ್ಪ, ಫಲ ಅಪಾರ. ವಿಷವಿಕ್ಕಿ ಗಂಡನನ್ನೂ ಅತ್ತೆಯನ್ನೂ ಕೊಂದವಳು ಅಮೃತಮತಿ. ಆದರೆ ಅವರಿಬ್ಬರನ್ನು ಪ್ರಾಣಿಜನ್ಮಗಳಿಗೆ ತಳ್ಳಿದ್ದು ಅವರದೇ ಸಂಕಲ್ಪ.

ಮೂರನೆಯ ದನಿ ಈ ಸರಣಿಯನ್ನು ಮುಗಿಸುತ್ತದೆ. ನವಿಲು, ನಾಯಿ ಮೊದಲಾದ ಜನ್ಮಗಳನ್ನು ಕಳೆದು ತಾಯಿ ಮಗ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಉಪದೇಶ ಕೇಳಿ ಅವು ಕೂಗಿದಾಗ, ಯಶೋಧರನ ಮಗ ಯಶೋಮತಿಯೇ ಶಬ್ದವೇಧಿ ಬಾಣದಿಂದ ಅವನ್ನು ಕೊಲ್ಲುತ್ತಾನೆ. ಹಿಟ್ಟಿನ ಕೋಳಿಯ ಕೂಗು ನಿಜವಾದ ಕೋಳಿಯ ಕೂಗಾಗಿ ಮರಳಿದೆ. ಆದರೆ ಈ ಕೂಗಿಗೆ ಧರ್ಮಶ್ರವಣವು ಕಾರಣವಾದುದರಿಂದ ಸಾವೇ ಮನುಷ್ಯಜನ್ಮದ ಬಾಗಿಲಾಗುತ್ತದೆ. ಅಭಯರುಚಿ, ಅಭಯಮತಿಯರಾಗಿ ಹುಟ್ಟಿದ ಅವರು ಬಲಿಪೀಠದ ಮುಂದೆ ನಿಲ್ಲುತ್ತಾರೆ. ಅಭಯರುಚಿ ಹೇಳುವ ಕಥೆಯನ್ನು ಕೇಳಿ ಮಾರಿದತ್ತನು ಬಲಿಯನ್ನು ಕೈಬಿಡುತ್ತಾನೆ. ಕಿವಿಯಿಂದ ಬಂದ ಕೇಡಿಗೆ ಕಿವಿಯಿಂದಲೇ ಪರಿಹಾರ ಒದಗಿದೆ.

ಜನ್ನನ ‘ಅನಂತನಾಥಪುರಾಣ’ದ (1230) ಚಂಡಶಾಸನನ ಪ್ರಸಂಗ ಇದಕ್ಕೆ ಉತ್ತಮ ಹೋಲಿಕೆ. ಗೆಳೆಯ ವಸುಷೇಣನ ಮಡದಿ ಸುನಂದೆಯನ್ನು ಕಂಡು ಅವನು ಮೋಹಗೊಳ್ಳುತ್ತಾನೆ. ಪತಿಯದೆಂದು ತೋರಿಸಿದ ಕೃತಕ ಶಿರವನ್ನು ಕಂಡು ಆಕೆ ಪ್ರಾಣಬಿಡುತ್ತಾಳೆ. ಅವನೂ ಆಕೆಯ ಚಿತೆಯನ್ನೇರುತ್ತಾನೆ. ಅಲ್ಲಿ ವಿನಾಶವು ಕಣ್ಣಿನ ದಾರಿಯಲ್ಲಿ ಬಂದು ಚಿತೆಯಲ್ಲಿ ಮುಗಿಯುತ್ತದೆ. ‘ಯಶೋಧರ ಚರಿತೆ’ಯಲ್ಲಾದರೋ ಅದು ಜನ್ಮಾಂತರಗಳಿಗೆ ಹರಡುತ್ತದೆ, ಮೋಹಿಸಿದವಳೊಬ್ಬಳ ಮೇಲೆಯೇ ಹೊಣೆಯನ್ನು ಹೊರಿಸಿ ಓದುಗನು ನಿಶ್ಚಿಂತನಾಗಲು ಕಾವ್ಯವು ಆಸ್ಪದ ಕೊಡುವುದಿಲ್ಲ. ಕೈಯ ಕ್ರಿಯೆಗಿಂತ ಮನದ ಸಂಕಲ್ಪವನ್ನು ತೂಗುವ ಒಕ್ಕಲು ಶ್ರಾವಕರ ವಿವೇಕಕ್ಕೆ ಹಿಟ್ಟಿನ ಕೋಳಿಯ ಕೂಗಿಗಿಂತ ಸಮರ್ಥವಾದ ಪ್ರತಿಮೆ ಹಳಗನ್ನಡದಲ್ಲಿ ದೊರೆಯುವುದು ಕಷ್ಟ.