ಅಪರಂಜಿಯ ಉಪಮೆ

ನಮ್ಮ ಕಡೆಯ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಕೃತಿಯನ್ನು ಮನಸಾರೆ ಹೊಗಳಬೇಕಾದಾಗ ವಿಮರ್ಶಕರ ಬಾಯಿಂದ ತಪ್ಪದೆ ಬರುವ ಮಾತೊಂದುಂಟು: ‘ಭಾಷೆ ಅಪರಂಜಿಯಂತಿದೆ.’ ತೆಗಳಬೇಕಾದಾಗಲೂ ಮಾತು ಅದೇ ಅಂಗಡಿಯಿಂದಲೇ ಬರುವದು: ‘ಭಾಷೆಯಲ್ಲಿ ಬೆರಕೆ ಬಹಳ.’ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯಿಂದ ಬರುವ ತರುಣ ಲೇಖಕರು ಈ ಎರಡನೆಯ ಮಾತನ್ನು ಕೇಳಿ ಕೇಳಿ ಬೇಸತ್ತಿರುವರು. ಗಡಿಯ ನೆಲದವರಾದ ಅವರ ಕಥೆಗಳಲ್ಲಿ ಮರಾಠಿಯ ಮಾತು ಬರುವದು, ಉರ್ದುವಿನ ಮಾತು ಬರುವದು. ಕೋರ್ಟು, ಕಚೇರಿ, ಸಂತೆಗಳ ಮಾತುಗಳೂ ಬರುವವು. ಅವರ ಕೃತಿಗಳ ಗುಣದೋಷಗಳನ್ನು ಆಮೇಲೆ ನೋಡೋಣ. ಮೊದಲು ಈ ಉಪಮೆಯನ್ನೇ ಒರೆಗೆ ಹಚ್ಚಿ ನೋಡುವದು ನನ್ನ ಉದ್ದೇಶ. ಉಪಮಾನದ ಗುಣವನ್ನರಿಯದೆ ಕೊಟ್ಟ ಉಪಮೆಯು ಅಲಂಕಾರವಾಗದು. ಅದು ದೋಷವೆಂದೇ ನಮ್ಮ ಆಲಂಕಾರಿಕರೆಲ್ಲರ ಮತ.

ಅಪರಂಜಿಯೆಂದರೆ ಯಾವ ಬೆರಕೆಯೂ ಇಲ್ಲದ ಬಂಗಾರ. ಈ ಮಾತನ್ನಾಡುವವರಲ್ಲಿ ಎಷ್ಟು ಜನರು ಪತ್ತಾರನ ಕುಲುಮೆಯ ಮುಂದೆ ಕುಳಿತು ನೋಡಿರುವರೋ ತಿಳಿಯದು. ನಾನು ಚಿಕ್ಕವನಿದ್ದಾಗ ಅಜ್ಜಿಯ ಸಂಗಡ ಗೋಕಾಕದ ಪೇಟೆಗೆ ಹೋಗಿ ಅಂಥದೊಂದು ಅಂಗಡಿಯಲ್ಲಿ ಅರ್ಧ ದಿನ ಕುಳಿತಿದ್ದೆನು. ಅಜ್ಜಿಗೆ ಒಂದು ಜೊತೆ ಪಾಟಲಿ ಆಗಬೇಕಾಗಿದ್ದವು. ಅವು ಚೊಕ್ಕ ಬಂಗಾರದವೇ ಆಗಬೇಕೆಂದು ಆಕೆಯ ಹಟ. ‘ಅವ್ವಾರ, ಚೊಕ್ಕ ಬಂಗಾರ ಕೈಯಾಗ ನಿಲ್ಲೂದಿಲ್ರೀ. ಒಂದೀಟು ತಾಮ್ರ ಬೀಳಬೇಕ್ರೀ’ ಎಂದು ಆ ಮುದುಕ ಪತ್ತಾರನು ಎಷ್ಟು ಹೇಳಿದರೂ, ತಾಮ್ರದ ಹೆಸರೆತ್ತಿದೊಡನೆ ಆಕೆಗೆ ಮೋಸದ ವಾಸನೆಯೇ ಬಡಿಯಿತು. ಕೊನೆಗೆ ಆತನು ಆಕೆ ಹೇಳಿದಂತೆಯೇ ಮಾಡಿಕೊಟ್ಟನು. ದಿನಾಲು ರೊಟ್ಟಿ ಬಡಿಯುವ ಕೈ. ವರ್ಷ ತುಂಬುವದರೊಳಗೆ ಪಾಟಲಿಗಳು ತಮ್ಮ ದುಂಡು ಕಳೆದುಕೊಂಡವು, ಮೇಲೆ ಕೊರೆದ ಹೂಬಳ್ಳಿಯು ನುಣ್ಣಗಾಗಿಹೋಯಿತು. ಎರಡನೆಯ ಸಲ ಅದೇ ಅಂಗಡಿಗೆ ಹೋದಾಗ ಅಜ್ಜಿ ಏನೂ ಮಾತಾಡಲಿಲ್ಲ. ಪತ್ತಾರನೂ ಏನೂ ಕೇಳಲಿಲ್ಲ. ತಾಮ್ರ ಬಿದ್ದಿತು. ಆ ಪಾಟಲಿಗಳು ಇಂದಿಗೂ ನಮ್ಮ ಮನೆಯಲ್ಲಿ ಸೊಸೆಯ ಕೈಯಲ್ಲಿ ಇವೆ.

ಬಂಗಾರದ ಗುಣವೇ ಅಂಥದು. ಒಂದು ಗ್ರಾಂ ಬಂಗಾರವನ್ನು ಬಡಿದು ಒಂದು ಚದರ ಮೀಟರಿನಷ್ಟು ಅಗಲದ ಹಾಳೆ ಮಾಡಬಹುದು. ಎಳೆದರೆ ಎರಡು ಕಿಲೋಮೀಟರಿಗೂ ಮಿಕ್ಕ ಎಳೆಯಾಗುವದು. ಅದು ನೀರಿಗಿಂತ 19 ಪಟ್ಟು ಭಾರ. ಗಾಳಿ, ನೀರು, ಬೆವರು, ಹುಣಸೆಯ ಹುಳಿ ಯಾವದೂ ಅದನ್ನು ಮುಟ್ಟಲಾರದು. ತಾಮ್ರ ಬೆಳ್ಳಿಗಳನ್ನು ಕರಗಿಸುವ ನೈಟ್ರಿಕ್ ಆಮ್ಲಕ್ಕೂ ಅದು ಜಗ್ಗದು. ಇಷ್ಟು ದೊಡ್ಡ ಲೋಹಕ್ಕೆ ಒಂದೇ ಕೊರತೆ. ತಾನಾಗಿ ಒಂದು ಆಕಾರವನ್ನು ಹಿಡಿದು ನಿಲ್ಲುವ ಗಟ್ಟಿತನ ಅದಕ್ಕಿಲ್ಲ. ಆದುದರಿಂದ 24 ಪಾಲಿನಲ್ಲಿ 22 ಪಾಲು ಬಂಗಾರವನ್ನಿಟ್ಟು ಉಳಿದೆರಡು ಪಾಲು ತಾಮ್ರವನ್ನೋ ಬೆಳ್ಳಿಯನ್ನೋ ಎರಡನ್ನೂ ಕೂಡಿಯೋ ಹಾಕುವ ರೂಢಿಯು ಬಂದಿತು. ಹಳೆಯ ಲೆಕ್ಕದಲ್ಲಿ ಹೇಳುವದಾದರೆ, ತೊಲೆಗೆ 96 ಗುಂಜಿ. ಅದರಲ್ಲಿ 88 ಗುಂಜಿ ಬಂಗಾರ, 8 ಗುಂಜಿ ಬೆರಕೆ. ತಾಮ್ರ ಹೆಚ್ಚಾದರೆ ಬಣ್ಣ ಕೆಂಪೇರುವದು, ಬೆಳ್ಳಿ ಹೆಚ್ಚಾದರೆ ತಿಳಿಯಾಗುವದು. ಈ ಎಂಟು ಗುಂಜಿಯೇ ಬಳೆಗೆ ದುಂಡನ್ನೂ, ಸರಿಗೆಗೆ ಬಿಗಿಯನ್ನೂ, ಕೊರೆದ ಹೂವಿಗೆ ಬಾಳಿಕೆಯನ್ನೂ ಕೊಡುವದು. ಅಪರಂಜಿಯಿಂದ ಗಟ್ಟಿ ಮಾಡಿ ಪೆಟ್ಟಿಗೆಯಲ್ಲಿಡಬಹುದು. ನಿತ್ಯ ಧರಿಸುವ ಒಡವೆ ಮಾಡಲಾಗದು. ‘ಭಾಷೆ ಅಪರಂಜಿಯಂತಿದೆ’ ಎಂದ ವಿಮರ್ಶಕನು ತಾನರಿಯದೆಯೇ ಆ ಕೃತಿಯನ್ನು ಪೆಟ್ಟಿಗೆಯಲ್ಲಿಡಲು ಹೇಳಿದಂತಾಯಿತು.

ಹಾಗಾದರೆ ಈ ಶುದ್ಧಿಯ ಮೋಹವು ಹುಟ್ಟಿದ್ದು ಎಲ್ಲಿಂದ? ಬಂಗಾರವು ಕಿಲುಬುವದಿಲ್ಲವೆಂಬ ಒಂದೇ ಗುಣದಿಂದ. ಮಾಸದುದನ್ನು ಕಂಡು ಮನುಷ್ಯನಿಗೆ ಅಮೃತತ್ವದ ನೆನಪಾಯಿತು; ಅದು ಲಕ್ಷ್ಮಿಯಾಯಿತು; ಲಕ್ಷ್ಮಿಯನ್ನು ಕಾಲಿಗೆ ಕಟ್ಟಬಾರದೆಂದು ಟೊಂಕದಿಂದ ಮೇಲೆ ಬಂಗಾರ, ಕಾಲಿಗೆ ಬೆಳ್ಳಿ ಎಂಬ ಕಟ್ಟಳೆಯಾಯಿತು. ಬಸವಣ್ಣನವರು ಸ್ಥಾವರದ ಗುಡಿಯನ್ನು ಬಿಟ್ಟು ದೇಹವನ್ನೇ ಗುಡಿಯಾಗಿ ಬಗೆದಾಗಲೂ ಬಂಗಾರಕ್ಕೆ ಕೊಟ್ಟ ಎಡೆಯು ಶಿರಸ್ಸೇ. ಉಳ್ಳವರ ಹೊನ್ನನ್ನು ನಿರಾಕರಿಸುವ ವಚನವೂ ಹೊನ್ನಿನ ಮೇಲ್ಮೆಯನ್ನು ನಿರಾಕರಿಸಲಿಲ್ಲವೆಂಬುದು ವಿಚಾರಿಸತಕ್ಕ ಮಾತಾಗಿದೆ. ಲೋಹವನ್ನು ಬಿಡಬಹುದು, ಲೋಹದ ಸಂಕೇತವನ್ನು ಬಿಡುವದು ಬಲು ಕಷ್ಟ.

ಈ ಕಟ್ಟಳೆಯಿಂದ ಅನ್ಯಾಯವಾದದ್ದು ಬೆಳ್ಳಿಗೆ. ಬೆಳ್ಳಿಯೆಂದರೆ ನಮ್ಮ ಕವಿಗಳಿಗೆ ಬೆಳದಿಂಗಳೊಂದೇ ನೆನಪಾಗುವದು. ಬೆಳದಿಂಗಳು ಕಪ್ಪಾಗುವದಿಲ್ಲ, ಬೆಳ್ಳಿ ಕಪ್ಪಾಗುವದೆಂಬ ಮಾತು ಅವರ ಲಕ್ಷ್ಯಕ್ಕೆ ಬಂದಂತಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶವು ತಾಗಿ ಬೆಳ್ಳಿ ಕರ್ರಗಾಗುವದು. ಹೆಣ್ಣುಮಕ್ಕಳು ವಿಭೂತಿಯನ್ನೋ ಹುಣಸೆಹಣ್ಣನ್ನೋ ಹಚ್ಚಿ ತಿಕ್ಕಿ ಅದನ್ನು ಮತ್ತೆ ಬೆಳ್ಳಗೆ ಮಾಡುವರು. ಎಲ್ಲ ಲೋಹಗಳಲ್ಲಿ ಶಾಖವನ್ನು ಅತಿ ಬೇಗನೆ ಸಾಗಿಸುವದು ಬೆಳ್ಳಿಯೇ. ಮೈಗೆ ತಾಗಿದೊಡನೆ ಅದು ತಣ್ಣಗೆನಿಸುವದಕ್ಕೆ ಇದೇ ಕಾರಣ. ಕೂಸಿನ ಉಡದಾರ ಬೆಳ್ಳಿಯದು, ಮದುಮಗಳ ಕಾಲುಂಗುರ ಬೆಳ್ಳಿಯದು, ಇಷ್ಟಲಿಂಗವನ್ನಿಡುವ ಕರಡಿಗೆ ಬೆಳ್ಳಿಯದು. ಕತ್ತಿನಲ್ಲಿ ಬೋರಮಾಳವಿದ್ದ ಮನೆಯಲ್ಲಿಯೂ ಎದೆಯ ಮೇಲಿನ ಕರಡಿಗೆ ಸಾಮಾನ್ಯವಾಗಿ ಬೆಳ್ಳಿಯದೇ ಇರುವದನ್ನು ನೋಡಿ ನಾನು ಅನೇಕ ಸಲ ಯೋಚಿಸಿದ್ದೇನೆ. ದಿನಾಲು ಕೈ ಮುಟ್ಟಿ ನೋಡಿಕೊಳ್ಳಬೇಕಾದ ಲೋಹವು ದಿನಾಲು ಕೈಯಲ್ಲಿ ಹಿಡಿದು ಪೂಜಿಸುವ ದೈವಕ್ಕೆ ತಕ್ಕುದಲ್ಲವೆ? ಇದು ನನ್ನ ತರ್ಕ ಮಾತ್ರ. ಬಂಗಾರದ ಬೆಲೆಯೇ ಕಾರಣವೆಂದು ಯಾರಾದರೂ ಅಂದರೆ ನಾನು ಜಗಳವಾಡೆನು.

ಬೆರಕೆಯಲ್ಲಿಯೂ ಒಂದು ಅಳತೆಯುಂಟೆಂಬುದನ್ನು ನಮ್ಮ ಮನೆತನಗಳು ಒಮ್ಮೆ ಸರಕಾರಕ್ಕೂ ತೋರಿಸಿಕೊಟ್ಟವು. 1963ರ ಜನವರಿಯಲ್ಲಿ, ಚೀನದ ಯುದ್ಧವಾದ ಬೆನ್ನಿಗೆ, ಮೊರಾರ್ಜಿ ದೇಸಾಯಿಯವರು ಹಣಕಾಸಿನ ಮಂತ್ರಿಗಳಿದ್ದಾಗ ಬಂಗಾರದ ನಿಯಂತ್ರಣವು ಬಂದು, 14 ಕ್ಯಾರಟ್ಟಿಗಿಂತ ಮೇಲಿನ ಒಡವೆ ಮಾಡಕೂಡದೆಂದಾಯಿತು. ಲೋಹದ ಗಟ್ಟಿತನದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ತಪ್ಪಿಲ್ಲ. 14 ಕ್ಯಾರಟ್ಟಿನದು ಇನ್ನೂ ಗಟ್ಟಿ. ಆದರೆ ನೂರಕ್ಕೆ 58 ಪಾಲು ಮಾತ್ರ ಬಂಗಾರವಿದ್ದುದನ್ನು ತಾಳಿಗೆ ಏರಿಸಲು ಮನೆಯವರ ಮನಸ್ಸೊಪ್ಪಲಿಲ್ಲ. ದೇಶದಲ್ಲೆಲ್ಲ ಸಾವಿರಾರು ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ 14 ಕ್ಯಾರಟ್ಟಿನ ಕಟ್ಟು ಸಡಿಲಾಯಿತು. 1968ರ ಕಾಯಿದೆಯೂ 1990ರಲ್ಲಿ ರದ್ದಾಯಿತು. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕಿನ ಮುದ್ರೆಯಲ್ಲಿ ಜನರು ಹುಡುಕುವ ಅಂಕಿಯು 916, ಅಂದರೆ ಅದೇ ಹಳೆಯ 22 ಪಾಲು. ಇತ್ತ 24ನ್ನೂ ಧರಿಸಲಿಲ್ಲ, ಅತ್ತ 14ನ್ನೂ ಒಪ್ಪಲಿಲ್ಲ. ಕೈಗೆ ಬೇಕಾದ ಗಟ್ಟಿತನ, ಮನಸ್ಸಿಗೆ ಬೇಕಾದ ಹೊನ್ನತನ, ಇವೆರಡರ ನಡುವೆ ಜನರೇ ನಿಲ್ಲಿಸಿದ ಗಡಿ ಇದು.

ಈಗ ಭಾಷೆಯ ಮಾತಿಗೆ ಬರೋಣ. ಬೆರಕೆಯನ್ನು ಹಳಿಯುವವರು ಕವಿರಾಜಮಾರ್ಗದ ಆಧಾರ ಕೊಡುವರು. 850ರ ಸುಮಾರಿನ ಆ ಗ್ರಂಥವು ಸಕ್ಕದವನ್ನೂ ಕನ್ನಡವನ್ನೂ ವಿಚಾರವಿಲ್ಲದೆ ಸಮಾಸದಲ್ಲಿ ಕೂಡಿಸುವದನ್ನು ಕುದಿಯುವ ಹಾಲಿನಲ್ಲಿ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿದೆ. ಅದು ಕನ್ನಡದ ತಿರುಳೆಂದು ಹೇಳುವ ಎಡೆಗಳಲ್ಲಿ ಒಕ್ಕುಂದವು ನಮ್ಮ ಜಿಲ್ಲೆಯದೇ ಆದುದರಿಂದ ಆ ಮಾತಿಗೆ ನಾವು ಕಿವಿಗೊಡಲೇಬೇಕು. ಆದರೆ ಹಾಲಿನ ಉಪಮೆ ಬೇರೆ, ಹೊನ್ನಿನ ಉಪಮೆ ಬೇರೆ. ಮಜ್ಜಿಗೆ ಬಿದ್ದ ಹಾಲು ಒಡೆಯುವದು. ತಾಮ್ರ ಬಿದ್ದ ಬಂಗಾರ ಬಿಗಿಯುವದು. ಆ ಗ್ರಂಥಕಾರನು ಆಕ್ಷೇಪಿಸಿದ್ದಾದರೂ ಸಮಾಸವನ್ನು, ಅಂದರೆ ಎರಡು ತುಂಡುಗಳ ಬೆಸುಗೆಯನ್ನು. ಬಿಳಿಗಾರ ಹಾಕದೆ, ಹದ ನೋಡದೆ ಹಚ್ಚಿದ ಬೆಸುಗೆಯು ಬಿಟ್ಟುಹೋಗುವದನ್ನು ಯಾವ ಪತ್ತಾರನೂ ಒಪ್ಪುವನು. ಕುಲುಮೆಯಲ್ಲಿ ಕರಗಿ ಒಂದಾದ ಬೆರಕೆಯ ಮಾತು ಅದಲ್ಲ.

ಇನ್ನು 13ನೆಯ ಶತಮಾನದ ಆಂಡಯ್ಯನನ್ನು ನೋಡಿರಿ. ತತ್ಸಮದ ಸೋಂಕಿಲ್ಲದೆ ಒಂದು ಕಾವ್ಯವನ್ನೇ ಬರೆಯುವೆನೆಂದು ಹೊರಟು ‘ಕಬ್ಬಿಗರ ಕಾವ’ವನ್ನು ಬರೆದವನು ಅವನು. ಅವನದು ಅಪರಂಜಿಯೆಂದು ಹೊಗಳುವವರು ಅದರಲ್ಲಿ ತದ್ಭವಗಳಿರುವದನ್ನು ಮರೆಯುವರು. ತದ್ಭವವೆಂದರೇನು? ಹೊರಗಿನ ಲೋಹವನ್ನು ನಮ್ಮ ಮೂಸೆಯಲ್ಲಿ ಕರಗಿಸಿ ನಮ್ಮ ಅಚ್ಚಿಗೆ ಹೊಯ್ದದ್ದು. ‘ಅಕ್ಕಸಾಲಿಗ’ ಎಂಬ ಶಬ್ದವೇ ಅಂಥದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ಅಕ್ಷಶಾಲೆ, ಅಂದರೆ ಬಂಗಾರದ ಕೆಲಸದ ಶಾಲೆಯು, ಕನ್ನಡಿಗರ ಬಾಯಲ್ಲಿ ಕರಗಿ ಅಕ್ಕಸಾಲೆಯಾಯಿತು. ಶುದ್ಧಿಯನ್ನು ಪರೀಕ್ಷಿಸುವವನ ಹೆಸರೇ ಶುದ್ಧವಲ್ಲ! ಆದರೂ ಅದನ್ನು ಕನ್ನಡವಲ್ಲವೆಂದು ಯಾರಾದರೂ ಅಂದಾರೆಯೆ?

ನಮ್ಮ ಕಡೆಯ ಹೆಣ್ಣುಮಕ್ಕಳ ಒಡವೆಗಳ ಹೆಸರು ಕೇಳಿರಿ: ಪಾಟಲಿ, ಬಿಲ್ವರ, ಬುಗುಡಿ, ನತ್ತು, ವಂಕಿ, ಡಾಬು. ಹುಕ್ಕೇರಿಯ ಹೆಂಗಸರು ಕೊಲ್ಹಾಪುರದ ಸಾಜನ್ನು ಮೆಚ್ಚಿ ಕೊಂಡಿರುವರು. ಗಡಿಯಾಚೆಯ ಹುಪರಿಯ ಬೆಳ್ಳಿಯ ಕಾಲ್ಚೈನುಗಳು ನಮ್ಮ ಪೇಟೆಗಳಿಗೆಲ್ಲ ಬರುವವು. ಇವುಗಳಲ್ಲಿ ಯಾವ ಹೆಸರು ಕೃಷ್ಣೆಯ ಯಾವ ದಂಡೆಯಲ್ಲಿ ಹುಟ್ಟಿತೆಂದು ಬೇರ್ಪಡಿಸುವದು ನಿಘಂಟುಕಾರನ ಕೆಲಸ. ಇವನ್ನು ಬಿಟ್ಟು ‘ಕಂಕಣ’ ‘ಕರ್ಣಾಭರಣ’ಗಳನ್ನಿಟ್ಟು ಗೋಕಾಕದ ಒಬ್ಬ ಗೌಡತಿಯನ್ನು ಚಿತ್ರಿಸಿದರೆ, ಆಕೆ ನಾಟಕದ ಪರದೆಯ ಮೇಲಿನ ಗೌಡತಿಯಾದಾಳು.

ಈ ನೆಲದ ಇಬ್ಬರು ದೊಡ್ಡ ಲೇಖಕರನ್ನು ಅಕ್ಕಪಕ್ಕಕ್ಕಿಟ್ಟು ನೋಡಿದರೆ ಅಳತೆಯ ಮಾತು ಇನ್ನೂ ಸ್ಪಷ್ಟವಾಗುವದು. ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದವರು. ಆನಂದಕಂದರೆಂಬ ಹೆಸರಿನಿಂದ ಬರೆದ ‘ನಲ್ವಾಡುಗಳು’ ಹಳ್ಳಿಯ ದೇಸಿಯ ಸೊಗಸಿನಿಂದ ಹೆಸರಾದುವು. ಹಾಡಿನ ಎಳೆ ಸಣ್ಣದು. ಸಣ್ಣ ಎಳೆಗೆ ಬಂಗಾರದ ಪಾಲು ಹೆಚ್ಚಿರಬೇಕು. ಬಸವರಾಜ ಕಟ್ಟೀಮನಿಯವರು 1919ರಲ್ಲಿ ಅದೇ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿ, ಪತ್ರಿಕೆಗಳಲ್ಲಿ ದುಡಿದು, ಕೂಲಿಕಾರರ, ಹೋರಾಟಗಾರರ ಕಾದಂಬರಿಗಳನ್ನು ಬರೆದವರು. ಅವರ ಗದ್ಯವು ಒರಟೆಂದು ಕೆಲವರ ದೂರು. ನನ್ನ ಅಭಿಪ್ರಾಯದಲ್ಲಿ ಅದು ಭಾರ ಹೊರುವದಕ್ಕಾಗಿ ಮಾಡಿದ ಕಡಗ. ಅಲ್ಲಿ ತಾಮ್ರದ ಪಾಲು ಏರಿದ್ದು ತಪ್ಪಲ್ಲ, ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚು ಏರಿದ್ದು ಮಾತ್ರ ನಿಜ. ಇಬ್ಬರನ್ನೂ ಒಂದೇ ಅಂಕಿಯಿಂದ ಅಳೆಯಹೊರಟ ವಿಮರ್ಶೆಯು ಎಳೆಯನ್ನೂ ಅರಿಯದು, ಕಡಗವನ್ನೂ ಅರಿಯದು.

ಹಾಗೆಂದು ಭಾಷೆಯಲ್ಲಿ ಸುಳ್ಳೇ ಇಲ್ಲವೆಂದು ನಾನು ಹೇಳುವದಿಲ್ಲ. ಸುಳ್ಳು ಇರುವದು ಬೆರಕೆಯಲ್ಲಲ್ಲ, ಮುಲಾಮಿನಲ್ಲಿ. ಬೆರಕೆಯು ಒಡವೆಯ ಮೈತುಂಬ ಒಂದೇ ಪ್ರಕಾರವಾಗಿರುವದು. ಎಲ್ಲಿ ಕಡಿದರೂ ಅದೇ ಬಣ್ಣ. ಮುಲಾಮು ಹಾಗಲ್ಲ, ಒಳಗೆ ಹಿತ್ತಾಳೆ, ಮೇಲೆ ಕಣ್ಣು ಕುಕ್ಕುವ ಹೊನ್ನು, ಅದೂ ಬಹುಶಃ ಅಪರಂಜಿಯೇ! ಹೇಳಲು ಏನೂ ಇಲ್ಲದ ಎಡೆಯಲ್ಲಿ ಬಳಿದ ಸಂಸ್ಕೃತದ ಪದಪುಂಜಗಳೂ, ಇಂದಿನ ಕೆಲವರು ಹಟದಿಂದ ಹೊಸೆದ ಅಚ್ಚಗನ್ನಡದ ಶಬ್ದಗಳೂ, ಹಳ್ಳಿಯನ್ನು ಕಾಣದವರು ಅಂಟಿಸಿದ ಗ್ರಾಮ್ಯದ ಮಾತುಗಳೂ ನನಗೆ ಒಂದೇ ತರದ ಮುಲಾಮಾಗಿ ತೋರುವವು. ಇಲ್ಲಿ ಒರೆಗಲ್ಲು ಕೂಡ ಮೋಸಹೋಗುವದುಂಟು. ಒರೆಗಲ್ಲು ಮೇಲ್ಮೈಯನ್ನೇ ನೋಡುವದು. ಮೆಲ್ಲಗೆ ತಿಕ್ಕಿದರೆ ಮುಲಾಮಿನ ಗೆರೆಯೂ ಬಂಗಾರದ ಗೆರೆಯೇ. ಆದುದರಿಂದ ಜಾಣ ಪತ್ತಾರನು ಸಂಶಯ ಬಂದ ಒಡವೆಯ ಕಾಣದ ಮೂಲೆಯೊಂದನ್ನು ಅರದಿಂದ ಕೆರೆದು, ಆಮೇಲೆ ಕಲ್ಲಿಗೆ ತಿಕ್ಕಿ, ಪಾಲು ಗೊತ್ತಿದ್ದ ಇನ್ನೊಂದು ಬಂಗಾರದ ಗೆರೆಯನ್ನು ಪಕ್ಕದಲ್ಲಿ ಎಳೆದು, ಎರಡರ ಮೇಲೂ ಆಮ್ಲದ ಹನಿ ಬಿಟ್ಟು ನೋಡುವನು. ನಮ್ಮ ಗೋಷ್ಠಿಗಳಲ್ಲಿ ಮೊದಲ ಪುಟವನ್ನು ತಿಕ್ಕಿ ನೋಡಿ ಬೆಲೆ ಕಟ್ಟುವವರೇ ಹೆಚ್ಚು. ಅರ ಹಿಡಿಯುವವರು ಕಡಿಮೆ.

ಮುಲಾಮಿಗೂ ಒಂದು ಎಡೆಯುಂಟು, ಅದು ರಂಗಭೂಮಿ. 2018ರಿಂದ ತಾಲೂಕಾಗಿರುವ ಮೂಡಲಗಿಯ ಸೀಮೆಯ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ತವರು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ಆಟಕ್ಕೆ ಅಳವಡಿಸಿದನು. ಮುಂದೆ ಕೌಜಲಗಿಯ ನಿಂಗಮ್ಮನವರಂಥ ಕಲಾವಿದೆಯರು ಅದನ್ನು ನಾಡಿಗೆಲ್ಲ ಮುಟ್ಟಿಸಿದರು. ಅದರ ಭಾಮೆ ಯಾರು? ಸತ್ರಾಜಿತನ ಮಗಳು. ಆ ಮನೆಯಲ್ಲಿದ್ದ ಸ್ಯಮಂತಕ ಮಣಿಯು ದಿನಕ್ಕೆ ಎಂಟು ಭಾರ ಬಂಗಾರವನ್ನು ಕೊಡುತ್ತಿತ್ತೆಂದು ಭಾಗವತವು ಹೇಳುವದು. ಬಂಗಾರದ ಬೆಲೆಯನ್ನೇ ಅರಿಯದಷ್ಟು ಬಂಗಾರದಲ್ಲಿ ಬೆಳೆದವಳು ಆಕೆ. ಅಂಥವಳು ಗಿಲೀಟಿನ ಡಾಬು ಕಟ್ಟಿ, ಗಿಲೀಟಿನ ವಂಕಿ ತೊಟ್ಟು, ರಾತ್ರಿಯೆಲ್ಲ ಅಳುವದು, ಮುನಿಯುವದು, ದೂತಿಯನ್ನು ಕಳಿಸುವದು ಒಂದು ಹೂವಿಗಾಗಿ. ರುಕ್ಮಿಣಿಯ ಮುಡಿಗೆ ಹೋದ ಹೂವಿಗಾಗಿ. ಮುಂದೆ ಕುಳಿತ ಹೆಂಗಸರು, ತಮ್ಮ ಕೈಯ 22 ಪಾಲಿನ ಪಾಟಲಿಗಳನ್ನು ಸರಿಸಿಕೊಳ್ಳುತ್ತ, ಬೆಳಗಾಗುವ ವರೆಗೆ ಆಕೆಯ ಪಕ್ಷವನ್ನೇ ಹಿಡಿಯುವರು.