ನೀರಿನ ಲೆಕ್ಕ ಒಂದು ಪುಸ್ತಕ, ಕರೆಂಟಿನ ಲೆಕ್ಕ ಇನ್ನೊಂದು

ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಮಾಸೂರು ಬಳಿಯ ಮದಗದ ಕೆರೆ. ಇವನ್ನು ಕಟ್ಟಿಸಿದವರು ನೆಲದ ಇಳಿಜಾರು ನೋಡಿ ಏರಿ ಹಾಕಿಸಿದರು, ಮಳೆಯ ನೀರು ತಾನಾಗಿ ಹರಿದುಬಂದು ನಿಂತಿತು. ಈಗ ಅದೇ ಹಾವೇರಿ ಸೀಮೆಯ ಎಷ್ಟೋ ಕೆರೆಗಳಿಗೆ ನದಿಯಿಂದ ನೀರೆತ್ತಿ ತುಂಬಿಸಬೇಕಾಗಿದೆ. ಶಿಗ್ಗಾವಿ, ಸವಣೂರು, ಬಾಳಂಬೀಡದ ಏತ ನೀರಾವರಿ ನಡೆಯುವುದು ಮೋಟರಿನ ಮೇಲೆ, ಮೋಟರು ನಡೆಯುವುದು ಕರೆಂಟಿನ ಮೇಲೆ. ಇಷ್ಟು ಸರಳ ಸಂಗತಿ ನಮ್ಮ ಬಜೆಟ್ಟಿನಲ್ಲಿ ಒಂದೇ ಕಡೆ ಓದಲು ಸಿಗುವುದಿಲ್ಲ ಎಂಬುದೇ ನನ್ನ ತಕರಾರು.

ದಿಲ್ಲಿಯಲ್ಲಿ ಹಳ್ಳಿಯ ಮನೆಗಳಿಗೆ ನಳ ಕೂಡಿಸುವ ಜಲಜೀವನ ಮಿಷನ್ ಜಲಶಕ್ತಿ ಸಚಿವಾಲಯದ್ದು, ಸೌರ ಪಂಪ್‌ಸೆಟ್ಟಿನ ಕುಸುಮ್ ಯೋಜನೆ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು. ಬೆಂಗಳೂರಿನಲ್ಲಿ ನಳದ ನೀರು ಗ್ರಾಮೀಣಾಭಿವೃದ್ಧಿ ಇಲಾಖೆಗೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳ ಉಚಿತ ವಿದ್ಯುತ್ತಿನ ಸಹಾಯಧನ ಇಂಧನ ಇಲಾಖೆಗೆ ಸೇರುತ್ತದೆ. ಹಳ್ಳಿಯಲ್ಲಿ ಈ ಗೋಡೆಗಳಿಲ್ಲ. ಹೊಲದ ಬೋರ್‌ವೆಲ್ಲುಗಳು ಒಂದಕ್ಕಿಂತ ಒಂದು ಆಳಕ್ಕಿಳಿದಂತೆ ಊರಿನ ಕುಡಿಯುವ ನೀರಿನ ಬೋರ್ ಬತ್ತುತ್ತದೆ. ಆಗ ದೂರದ ಹೊಳೆಯಿಂದ ಪೈಪ್ ಎಳೆಯಲು ಇನ್ನೊಂದು ಇಲಾಖೆ ಹಣ ಹುಡುಕುತ್ತದೆ, ಆ ನೀರನ್ನು ಟ್ಯಾಂಕಿಗೇರಿಸಲು ಮತ್ತೆ ಕರೆಂಟು ಬೇಕಾಗುತ್ತದೆ. ರೈತನ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ ಉಳಿಸಿಕೊಳ್ಳಲು ಅವನಿಗಿರುವುದು ಅದೊಂದೇ ದಾರಿ. ಒಂದು ಇಲಾಖೆಯ ಖರ್ಚು ಇನ್ನೊಂದರ ಖರ್ಚನ್ನು ಹುಟ್ಟಿಸುತ್ತಿರುವುದನ್ನು ಲೆಕ್ಕ ಬರೆಯುವವರು ಕಾಣಬೇಕಿತ್ತು.

ಶಿಗ್ಗಾವಿಯಿಂದ ಆಯ್ಕೆಯಾಗಿದ್ದ ಬಸವರಾಜ ಬೊಮ್ಮಾಯಿ ಜಲಸಂಪನ್ಮೂಲ ಸಚಿವರಾಗಿದ್ದವರು, ಮುಖ್ಯಮಂತ್ರಿಯಾಗಿ 2022 ಮತ್ತು 2023ರಲ್ಲಿ ರಾಜ್ಯದ ಬಜೆಟ್ ಮಂಡಿಸಿದವರು. ಈ ನೆಲದ ನೀರಿನ ಕಷ್ಟ ಬಲ್ಲವರೇ ಬಜೆಟ್ ಓದಿದಾಗಲೂ ಎರಡು ಲೆಕ್ಕ ಒಂದಾಗಲಿಲ್ಲ. ಹಾಗಾಗಿ ದೋಷ ಯಾರೊಬ್ಬರದೂ ಅಲ್ಲ, ಬರೆಯುವ ಪದ್ಧತಿಯದು ಎಂದೇ ನಾನು ತಿಳಿದಿದ್ದೇನೆ.

ಇನ್ನು ಅಂಕಿಗಳ ಮಾತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, 2024ರ ಹೊತ್ತಿಗೆ ಹಳ್ಳಿಯ ಪ್ರತಿ ಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂದು ಮಾತು ಕೊಟ್ಟಿತು. ಆಗಿನ ಒಟ್ಟು ಅಂದಾಜು 3.60 ಲಕ್ಷ ಕೋಟಿ ರೂಪಾಯಿ. 2024-25ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 70 ಸಾವಿರ ಕೋಟಿಗೂ ಹೆಚ್ಚು ಎಂದು ಓದಿ ಸಂತೋಷಪಟ್ಟವರು, ಮರುವರ್ಷದ ಪುಸ್ತಕದಲ್ಲಿ ಪರಿಷ್ಕೃತ ಅಂದಾಜಿನ ಅಂಕಣ ನೋಡಿದರೋ ಇಲ್ಲವೋ. ಅಲ್ಲಿದ್ದದ್ದು ಸುಮಾರು 22,700 ಕೋಟಿ. ಅದೇ ಪುಸ್ತಕ 2025-26ಕ್ಕೆ ಮತ್ತೆ 67 ಸಾವಿರ ಕೋಟಿ ತೋರಿಸಿತು, ಗಡುವನ್ನು 2028ಕ್ಕೆ ಮುಂದೂಡಲಾಯಿತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಕಥೆಯೂ ಗೊತ್ತಿರುವುದೇ: 2023ರ ಕೇಂದ್ರ ಬಜೆಟ್ ಭಾಷಣದಲ್ಲಿ 5,300 ಕೋಟಿ ಎಂದರು, ವರ್ಷಗಳು ಕಳೆದರೂ ರಾಜ್ಯ ಆ ಹಣಕ್ಕಾಗಿ ಪತ್ರ ಬರೆಯುತ್ತಲೇ ಇತ್ತು. ಮೊದಲ ಅಂಕಣಕ್ಕೆ ಸಿಗುವ ಚಪ್ಪಾಳೆ ಎರಡನೆಯ ಅಂಕಣದ ತನಕ ತಲುಪುವುದೇ ಇಲ್ಲ.

ಜಲಜೀವನ ಮಿಷನ್ನಿನ ಹಣ ಪೂರ್ತಿ ಬಂದರೂ ಅದು ಬರುವುದು ಬಹುಪಾಲು ಕಟ್ಟುವುದಕ್ಕೆ. ಪೈಪ್, ಟ್ಯಾಂಕ್, ನಳ, ಎಲ್ಲವೂ ಕಾಮಗಾರಿ. ವಾಟರ್‌ಮನ್ನನ ಸಂಬಳ, ಸುಟ್ಟ ಮೋಟರಿನ ವೈಂಡಿಂಗ್, ತಿಂಗಳ ಕರೆಂಟ್ ಬಿಲ್ ಪಂಚಾಯಿತಿಯ ಹೆಗಲಿಗೆ. ಪಂಚಾಯಿತಿಗಳು ಹೆಸ್ಕಾಂನಂಥ ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಳ್ಳುವ ಬಾಕಿ ಇಂದು ನಿನ್ನೆಯದಲ್ಲ. ನಳ ಕೂಡಿಸಿದ ದಿನವೇ ಯೋಜನೆ ಗುರಿ ಮುಟ್ಟಿತೆಂದು ದಾಖಲಾಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ಆ ನಳ ಒಣಗಿದ್ದನ್ನು ಬರೆದುಕೊಳ್ಳುವ ಅಂಕಣವೇ ಇಲ್ಲ.

ಕುಸುಮ್ ಯೋಜನೆಯ ಒಂದು ಭಾಗವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಪಂಪ್‌ಸೆಟ್ಟುಗಳ ಫೀಡರಿಗೇ ಸೌರ ವಿದ್ಯುತ್ ಜೋಡಿಸಿದರೆ ರೈತನಿಗೆ ರಾತ್ರಿಯ ಬದಲು ಹಗಲು ಕರೆಂಟ್ ಸಿಗುತ್ತದೆ, ಹಾವು ಹುಳದ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ, ಸರ್ಕಾರದ ಸಹಾಯಧನದ ಹೊರೆಯೂ ಇಳಿಯುತ್ತದೆ. ಅದೇ ಫೀಡರಿನಲ್ಲಿ ಊರಿನ ನೀರಿನ ಮೋಟರಿಗೂ ಒಂದು ಪಾಲನ್ನು ಯೋಜನೆಯಲ್ಲೇ ಬರೆದಿಡಬೇಕಿತ್ತು.

ನಾನು ಕೇಳುವುದು ತಾಲ್ಲೂಕಿಗೊಂದು ಪುಟ. ಹಾನಗಲ್ ಎಂದು ತಲೆಬರಹ ಹಾಕಿ ಅದರ ಕೆಳಗೆ ಎಷ್ಟು ಬೋರ್, ಅವುಗಳ ಕರೆಂಟಿಗೆ ಎಷ್ಟು, ಕೆರೆ ತುಂಬಿಸಲು ಎಷ್ಟು, ನಳಕ್ಕೆ ಎಷ್ಟು, ಹೇಳಿದ್ದೆಷ್ಟು, ಬಂದದ್ದೆಷ್ಟು, ಏಪ್ರಿಲ್‌ನಲ್ಲಿ ನೀರು ಬಂದ ದಿನಗಳೆಷ್ಟು ಎಂದು ಬರೆದ ಪುಟ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ, ಬಿಂದಿಗೆ ಹಿಡಿದು ಕಾಯುವ ಹೆಣ್ಣುಮಕ್ಕಳೇ ಕೊನೆಯ ಸಾಲನ್ನು ತಿದ್ದಿಕೊಡುತ್ತಾರೆ.